ಮದುವೆ ಚಿಕ್ಕದಾಗಲಿ, ಮನಸ್ಸು ಚಿಕ್ಕದಾಗದಿರಲಿ

‘ಚಿಗವ್ವ, ನನ್ನ ಮದಿವಿ ವೈನರಿಯೊಳಗ!’

ಹೋದ ವರ್ಷ ಶ್ರಾವಣದ ಒಂದು ಸಂಜೆ ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿ ಹೀಗಂದಾಗ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕೈ ಹಾಗೇ ನಿಂತಿತು. ವೈನರಿ ಅಂದರೆ ಏನೆಂದು ನನಗೇನೋ ಗೊತ್ತು, ದಿನಾ ಪೇಪರ್ ಓದುವವಳು. ಆದರೆ ಪಕ್ಕದಲ್ಲೇ ಕೂತಿದ್ದ ನಮ್ಮವ್ವನಿಗೆ ಬಿಡಿಸಿ ಹೇಳೋದು ಹೇಗೆ? ‘ದ್ರಾಕ್ಷಿ ತೋಟದಾಗ ಲಗ್ನ ಅಂತ ಬೇ’ ಅಂದೆ. ಅವ್ವನ ಮುಖ ಅರಳಿತು. ಒಂದು ಗಳಿಗೆ ಸುಮ್ಮನಿದ್ದು ‘ಆ ದ್ರಾಕ್ಷಿ ಏನ್ ಮಾಡ್ತಾರ?’ ಅಂತ ಕೇಳಿದಳು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ರಾಮಾಯಣ!

ನಿಮ್ಮ ಮನೆಯಲ್ಲೂ ಇಂಥದ್ದೊಂದು ಫೋನ್ ಬಂದಿರಬಹುದು. ಇಲ್ಲವೆಂದರೆ ನಾಳೆ ಬಂದೀತು. ವೈನರಿ ಅಲ್ಲದಿದ್ದರೆ ರೆಸಾರ್ಟು, ರೆಸಾರ್ಟು ಅಲ್ಲದಿದ್ದರೆ ಕಾಫಿ ತೋಟ. ‘ಐವತ್ತೇ ಜನ, ನಮಗೆ ಬೇಕಾದವರು ಮಾತ್ರ’ ಅನ್ನುವ ಮಾತಂತೂ ಖಾತ್ರಿ. ಆಗ ತಾಯಿಯಾದವಳು, ಚಿಕ್ಕಮ್ಮನಾದವಳು ಏನು ಮಾಡಬೇಕು? ಬೇಡವೆಂದು ಹಟ ಹಿಡಿಯಬೇಕೋ, ಮಕ್ಕಳ ಖುಷಿ ನಮ್ಮ ಖುಷಿ ಅಂತ ಸುಮ್ಮನಿರಬೇಕೋ? ಎರಡೂ ಮಾಡಿ ನೋಡಿದ ಅನುಭವದ ಮೇಲೆ ನಾಲ್ಕು ಮಾತು ಹೇಳ್ತೀನಿ, ಕೇಳಿ.

ಬ್ಯಾಸಗಿ ಮದುವೆಯ ಬೆವರು

ಮೊದಲೇ ಹೇಳಿಬಿಡುತ್ತೇನೆ, ಚಿಕ್ಕ ಮದುವೆಗೆ ನನ್ನ ಪೂರ್ತಿ ಓಟು. ಯಾಕೆ ಗೊತ್ತೇ? ನನ್ನದು ಸಾವಿರದೈನೂರು ಮಂದಿ ಉಂಡ ಮದುವೆ. 2009ರ ಡಿಸೆಂಬರ್ ಕೊನೆಗೆ ನಮ್ಮ ಯಾದಗಿರಿ ಹೊಸ ಜಿಲ್ಲೆಯಾಯಿತು. ಅದರ ಮರು ಬ್ಯಾಸಗಿ, ಮೇ ತಿಂಗಳಲ್ಲಿ, ಕಕ್ಕೇರಾದ ಮನೆ ಮುಂದೆ ಹಂದರ ಹಾಕಿ ನನ್ನ ಲಗ್ನ ಮಾಡಿದರು. ಸುರಪುರ ಸೀಮೆಯ ಮೇ ತಿಂಗಳೆಂದರೆ ಕೇಳಬೇಕೇ? ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ. ತಲೆ ಮೇಲೆ ಶಾಮಿಯಾನ, ಮೈಮೇಲೆ ರೇಷ್ಮೆ ಸೀರೆ, ಎದುರಿಗೆ ವಿಡಿಯೋದವನ ಲೈಟು. ಅಕ್ಕಿಕಾಳು ಬೀಳುವ ಹೊತ್ತಿಗೆ ನನಗೆ ಕಣ್ಣು ಕತ್ತಲೆ ಬಂದು, ಯಾರೋ ಪುಣ್ಯಾತ್ಮರು ಲಿಂಬೆಹಣ್ಣಿನ ಪಾನಕ ಕುಡಿಸಿದರು. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆಲ್ಬಮ್‌ನಲ್ಲಿರುವ ಅರ್ಧ ಮುಖಗಳ ಪರಿಚಯ ನನಗಿಲ್ಲ!

ನಮ್ಮ ಕಡೆ ಬ್ಯಾಸಗಿಯಲ್ಲೇ ಯಾಕೆ ಮದುವೆ ಮಾಡ್ತಾರೆ ಎಂದು ಪಟ್ಟಣದ ಗೆಳತಿಯರು ಕೇಳುತ್ತಾರೆ. ಅದಕ್ಕೂ ಕಾರಣವಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಭಾಗದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಎಲ್ಲ ಬೆಳೆಯುತ್ತೇವೆ. ಡಿಸೆಂಬರ್ ಅಂದರೆ ಹತ್ತಿ ಬಿಡಿಸುವ ಕಾಲ, ತೊಗರಿ ಕೈಗೆ ಬರುವ ಕಾಲ. ಒಂದು ದಿನ ಹೊಲ ಬಿಟ್ಟರೂ ಲುಕ್ಸಾನು. ಸುಗ್ಗಿ ಮುಗಿದು, ಮಾಲು ಮಾರಿ, ಕೈಗೆ ದುಡ್ಡು ಬಂದು, ಮಕ್ಕಳಿಗೆ ಸೂಟಿ ಬೀಳುವುದು ಏಪ್ರಿಲ್–ಮೇನಲ್ಲೇ. ಮೇಲಾಗಿ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಲಗ್ನದ ಮುಹೂರ್ತವೇ ಇರುವುದಿಲ್ಲ. ಹೀಗಾಗಿ ಚಳಿಗಾಲದಲ್ಲಿ ಮದುವೆ ಮಾಡಬೇಕೆಂದರೆ ತುಳಸಿ ಲಗ್ನ ಮುಗಿದ ಮೇಲೆ, ಧನುರ್ಮಾಸ ಕಾಲಿಡುವ ಮೊದಲು, ಅಷ್ಟರಲ್ಲೇ ಮಾಡಬೇಕು. ನಮ್ಮ ಹುಡುಗಿ ಹಿಡಿದದ್ದೂ ಡಿಸೆಂಬರ್ ಮೊದಲ ವಾರವನ್ನೇ.

ನನ್ನ ಮದುವೆಗೆ ಅಪ್ಪ ಎರಡೆಕರೆ ಹೊಲ ಒತ್ತಿ ಹಾಕಿದ್ದ. ಅದನ್ನು ಬಿಡಿಸಿಕೊಳ್ಳೋಕೆ ಆರು ವರ್ಷ ಬೇಕಾಯಿತು. ನಾನು ತವರಿಗೆ ಹೋದಾಗಲೆಲ್ಲ ಆ ಹೊಲದ ದಾರಿ ಬಂದರೆ ಅಪ್ಪ ಬೇರೆ ಮಾತು ತೆಗೆಯುತ್ತಿದ್ದ. ಉಂಡು ಹೋದ ಸಾವಿರದೈನೂರು ಜನರಲ್ಲಿ ಒಬ್ಬರಿಗಾದರೂ ಆ ದಾರಿ ಗೊತ್ತೇ? ಅದಕ್ಕೇ ಹೇಳಿದ್ದು, ಚಿಕ್ಕ ಮದುವೆಗೆ ನನ್ನ ಓಟು ಅಂತ.

ಇದೇನೂ ಹೊಸದಲ್ಲ

ಚಿಕ್ಕ ಮದುವೆ ಈಗಿನ ಹುಡುಗರ ಶೋಕಿ ಅಂತ ಮೂಗು ಮುರಿಯಬೇಡಿ. ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ‘ಮಂತ್ರಮಾಂಗಲ್ಯ’ದ ಪ್ರಕಾರ ಆಡಂಬರವಿಲ್ಲದೆ ಮಾಡಿದ್ದು 1966ರಲ್ಲೇ. ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹ ಶುರುವಾದದ್ದು 1972ರಲ್ಲಿ. ಸಾಲದ ಹೊರೆಯಿಲ್ಲದೆ ಮಕ್ಕಳು ಬಾಳು ಶುರು ಮಾಡಲಿ ಅನ್ನುವುದೇ ಅದರ ಉದ್ದೇಶ. ನಮ್ಮ ಕಡೆಯ ಮಠಗಳಲ್ಲೂ ಜಾತ್ರೆಯ ಹೊತ್ತಿಗೆ ಸಾಮೂಹಿಕ ಲಗ್ನ ನಡೆಯುತ್ತವೆ. 2020ರಲ್ಲಿ ಕೊರೊನಾ ಬಂದು ಮದುವೆಗೆ ಐವತ್ತೇ ಜನ ಅಂತ ಸರಕಾರ ಹೇಳಿದಾಗ ಏನಾಯಿತು? ಆಗ ಆದ ಮದುವೆಗಳೂ ಮದುವೆಗಳೇ ಅಲ್ಲವೇ? ಆ ಜೋಡಿಗಳು ಈಗ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ.

ಆದರೆ ಚಿಕ್ಕದು ಅಂದರೆ ಅಗ್ಗ ಅಂದುಕೊಳ್ಳಬೇಡಿ. ಇಲ್ಲೇ ಎಷ್ಟೋ ತಾಯಂದಿರು ಮೋಸ ಹೋಗೋದು. ನಮ್ಮ ಹುಡುಗಿಗೆ ಹೇಳಿದ ರೇಟು ಒಂದು ಊಟಕ್ಕೆ 2,500 ರೂಪಾಯಿ. ಅರವತ್ತು ಜನಕ್ಕೆ ಎಷ್ಟಾಯಿತು? ಒಂದೂವರೆ ಲಕ್ಷ. ನಮ್ಮೂರಲ್ಲಿ ಹುಗ್ಗಿ, ಬದನೇಕಾಯಿ ಪಲ್ಯ, ಅನ್ನ, ಸಾರು ಮಾಡಿಸಿದರೆ ಒಂದು ಎಲೆಗೆ 150 ರೂಪಾಯಿ ಬೀಳುತ್ತದೆ ಅಂತ ಭಾವ ಲೆಕ್ಕ ಹಾಕಿದರು. ಅದೇ ಒಂದೂವರೆ ಲಕ್ಷದಲ್ಲಿ ಸಾವಿರ ಮಂದಿ ಉಣ್ಣುತ್ತಿದ್ದರು! ಹಾಲ್‌ನ ಬಾಡಿಗೆ, ಹೂವು, ಫೋಟೋ, ರೂಮು ಎಲ್ಲ ಬೇರೆ. ಅವರಿಬ್ಬರೂ ಸ್ವಂತ ದುಡಿಮೆಯಲ್ಲಿ ಮಾಡಿಕೊಂಡರು, ಅದಕ್ಕೆ ನಾವು ಬಾಯಿ ಮುಚ್ಚಿದೆವು. ಅಪ್ಪನ ಹೊಲ ಒತ್ತಿ ಹಾಕಿ ‘ಸಿಂಪಲ್ ಮದುವೆ’ ಮಾಡೋದಾದರೆ ಅದಕ್ಕೆ ಬೇರೆ ಹೆಸರಿಡಿ.

ವೈನರಿ ಅಂದರೆ ಬಾರ್ ಅಲ್ಲ, ಆದರೂ...

ನಂದಿಬೆಟ್ಟದ ಸುತ್ತಮುತ್ತ, ದೊಡ್ಡಬಳ್ಳಾಪುರದ ಕಡೆ ವೈನ್ ದ್ರಾಕ್ಷಿ ಬೆಳೆಯುವುದು ಈಗಿನದಲ್ಲ. ಗ್ರೋವರ್ ಕುಟುಂಬ ಅಲ್ಲಿ ತೋಟ ಶುರು ಮಾಡಿದ್ದು 1988ರಲ್ಲಿ. 2007ರಲ್ಲಿ ನಮ್ಮ ರಾಜ್ಯ ಸರಕಾರವೇ ವೈನ್ ನೀತಿ ತಂದು, ಆಮೇಲೆ ಅದಕ್ಕೊಂದು ಮಂಡಳಿಯನ್ನೂ ಮಾಡಿತು. ಪಕ್ಕದ ವಿಜಯಪುರದಲ್ಲಿ ದ್ರಾಕ್ಷಿ ಒಣಗಿಸಿ ಮನೂಕ ಮಾಡಿದರೆ, ನಂದಿ ಸೀಮೆಯಲ್ಲಿ ಹಿಂಡಿ ವೈನ್ ಮಾಡುತ್ತಾರೆ. ಅಲ್ಲೂ ಅಕ್ಟೋಬರ್ ಹೊತ್ತಿಗೆ ಬಳ್ಳಿ ಚಾಟನಿ ಮಾಡುತ್ತಾರೆ, ಹಣ್ಣು ಕೊಯ್ಲಿಗೆ ಬರುವುದು ಚಳಿ ಮುಗಿಯುವ ಹೊತ್ತಿಗೆ. ಡಿಸೆಂಬರಿನಲ್ಲಿ ಕೊಯ್ಲಿನ ಗಡಿಬಿಡಿ ಇರುವುದಿಲ್ಲ, ಬಳ್ಳಿ ಹಸಿರಾಗಿರುತ್ತದೆ. ಇಂಥ ಕಡೆ ಮದುವೆಗೆ ಹಾಲ್ ಬಾಡಿಗೆಗೆ ಕೊಡುವುದೂ ಇದೆ. ಬೆಳಗಿನ ಮಂಜು, ಆಗಾಗ ತುಂತುರು ಮಳೆ ಇರುವುದರಿಂದ ಬಯಲಿನಲ್ಲಿ ಮಾಡದೆ ಒಳಗಡೆ ಮಾಡುವುದೇ ಜಾಣತನ. ಇದನ್ನೆಲ್ಲ ಹುಡುಗಿ ನನಗೆ ಒಪ್ಪಿಸಿದಳು. ನಾನು ಅವ್ವನಿಗೆ ಒಪ್ಪಿಸಿದೆ. ಅವ್ವ ಭಾವನ ಅಕ್ಕನಿಗೆ ಒಪ್ಪಿಸಲು ಹೋದಳು. ಅಲ್ಲಿ ಮಾತು ನಿಂತಿತು.

ಹುಡುಗಿಗೆ ಈಕೆ ಸೋದರತ್ತೆ. ಅವಳು ಕರೆಯುವ ಹಾಗೆ ಇಲ್ಲಿ ನಾನೂ ‘ಅತ್ತಿ’ ಅಂತಲೇ ಬರೀತೀನಿ. ಅತ್ತಿಯ ಗಂಡ ಕುಡಿದು ಕುಡಿದೇ ಮೂವತ್ತೆಂಟಕ್ಕೆ ಹೋದ. ಮೈಮೇಲಿನ ತಾಳಿಯನ್ನೂ ಒತ್ತೆ ಇಟ್ಟು ಕುಡಿದಿದ್ದ. ಮಕ್ಕಳಿಲ್ಲದ ಅತ್ತಿ ತಮ್ಮನ ಮನೆ ಸೇರಿದಳು. ನಮ್ಮಕ್ಕ ಹೊಲಕ್ಕೆ ಹೋದರೆ ಈ ಹುಡುಗಿಯನ್ನು ಎತ್ತಿ ಆಡಿಸಿದವಳು, ಸುರಪುರದ ಕಾಲೇಜಿಗೆ ಹೋಗುವಾಗ ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಿದವಳು ಅವಳೇ. ‘ವೈನ್ ಅಂದ್ರ ಸೆರೆ ಅಲ್ಲೇನವ್ವ?’ ಅಂತ ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಹಿತ್ತಲಿಗೆ ಹೋದಳಂತೆ.

ಪಟ್ಟಣದ ನಿಮಗೆ ಇದು ಅತಿಯೆನಿಸಬಹುದು. ಆದರೆ ನಮ್ಮ ಸೀಮೆಯ ಹೆಂಗಸರಿಗೆ ಸೆರೆ ಅನ್ನೋದು ಶೆಲ್ಫಿನ ಮೇಲಿನ ಚೆಂದದ ಬಾಟ್ಲಿ ಅಲ್ಲ. 2019ರ ಜನವರಿಯಲ್ಲಿ ಪಕ್ಕದ ರಾಯಚೂರು ಸೇರಿದಂತೆ ರಾಜ್ಯದ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರಲ್ಲ, ನೆನಪಿದೆಯೇ? ಮನೆ ಬಿಟ್ಟು, ಮಕ್ಕಳ ಬಿಟ್ಟು, ಚಳಿಯಲ್ಲಿ ಅಷ್ಟು ದೂರ ಸುಮ್ಮನೆ ಯಾರೂ ನಡೆಯುವುದಿಲ್ಲ.

ಪಟ್ಟಿಯಲ್ಲಿ ಅತ್ತಿ ಇಲ್ಲ

ದೀಪಾವಳಿಗೆ ಮೊದಲು ಹುಡುಗಿ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಕಳಿಸಿದಳು. ಎರಡೂ ಕಡೆಯಿಂದ ಅರವತ್ತು ಹೆಸರು. ನಾನು ಎರಡು ಸಲ ಓದಿದೆ. ಅತ್ತಿಯ ಹೆಸರಿಲ್ಲ. ಅಕ್ಕನನ್ನು ಕೇಳಿದರೆ ‘ಆಕಿಗೆ ಅಲ್ಲಿ ಸರಿಹೋಗಂಗಿಲ್ಲ, ಸುಮ್ಮನ ಯಾಕ ನೋಯಿಸೋದು’ ಅಂದಳು. ಹುಡುಗಿಯೂ ಅದನ್ನೇ ಅಂದಳು. ಇಬ್ಬರ ದನಿಯಲ್ಲೂ ಪ್ರೀತಿಯೇ ಇತ್ತು, ಸುಳ್ಳು ಹೇಳಲಾರೆ. ಆದರೆ ಅತ್ತಿಯನ್ನು ಒಂದು ಮಾತು ಯಾರೂ ಕೇಳಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮದುವೆ ನೆನಪಾಯಿತು. ಅಲ್ಲೂ ಅತ್ತಿ ಇದ್ದಳು. ಎಲ್ಲಿ? ಅಡುಗೆ ಒಲೆಯ ಮುಂದೆ. ಸುರಗಿ ಸುತ್ತುವಾಗ ಐದು ಮಂದಿ ಮುತ್ತೈದೆಯರನ್ನು ಕರೆದರು, ಅವಳನ್ನು ಕರೆಯಲಿಲ್ಲ. ಅರಿಶಿಣ ಹಚ್ಚುವಾಗ ತಾನಾಗಿಯೇ ದೂರ ನಿಂತಳು. ಆದರೂ ಸಾವಿರದೈನೂರು ಮಂದಿಯ ಮದುವೆಯಲ್ಲಿ ಅವಳಿಗೊಂದು ಮೂಲೆ ಇತ್ತು. ಮೂಲೆಯಲ್ಲಿ ಕೆಲಸ ಇತ್ತು. ಕೆಲಸ ಇದ್ದದ್ದರಿಂದ ‘ನಾನೂ ಈ ಮದುವೆಯವಳು’ ಅನ್ನುವ ಒಂದು ಹಕ್ಕೂ ಇತ್ತು.

ಅರವತ್ತೇ ಜನರ ಮದುವೆಯಲ್ಲಿ ಮೂಲೆಗಳೇ ಇಲ್ಲ! ಅಡುಗೆ ಅವರದೇ, ಬಡಿಸುವವರೂ ಅವರೇ. ಅಲ್ಲಿ ಇದ್ದರೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂರಬೇಕು, ಇಲ್ಲದಿದ್ದರೆ ಇಲ್ಲವೇ ಇಲ್ಲ. ದೊಡ್ಡ ಮದುವೆಯಲ್ಲಿ ಅಡುಗೆಮನೆಗೆ ತಳ್ಳಿದವರನ್ನು ಚಿಕ್ಕ ಮದುವೆಯಲ್ಲಿ ಪಟ್ಟಿಯಿಂದಲೇ ತೆಗೆದುಬಿಡುತ್ತೇವೆ. ವಿಧವೆ ಅತ್ತೆ, ಮದುವೆಯಾಗದೆ ಉಳಿದ ಅಕ್ಕ, ಮಾತು ತೊದಲುವ ಕಾಕಾ, ಬಡ ಸೋದರಮಾವ, ಇಂಗ್ಲಿಷು ಬಾರದ ಅಜ್ಜಿ... ನೋಡಿ, ನಿಮ್ಮ ಮನೆಯ ಪಟ್ಟಿಯಿಂದ ಮೊದಲು ಬಿಟ್ಟುಹೋಗುವ ಹೆಸರುಗಳು ಇವೇ ಅಲ್ಲವೇ? ‘ಅವರಿಗೆ ಅಲ್ಲಿ ಸರಿಹೋಗಲ್ಲ’ ಅನ್ನುತ್ತೇವೆ. ನಿಜವಾಗಿ ನಮ್ಮ ಫೋಟೋಕ್ಕೆ ಅವರು ಸರಿಹೋಗುವುದಿಲ್ಲ ಅನ್ನುವುದು ಒಳಗಿನ ಮಾತು.

ಮರುದಿನ ಹುಡುಗಿಗೆ ಫೋನ್ ಮಾಡಿದೆ.

‘ನಿನ್ನ ಪಟ್ಟಿಯೊಳಗ ಆಫೀಸಿನವ್ರು ಎಷ್ಟು ಮಂದಿ?’

‘ಹದಿನೆಂಟು, ಚಿಗವ್ವ.’

‘ಅದ್ರಾಗ ನಿನಗ ಜ್ವರ ಬಂದಾಗ ರಾತ್ರಿ ಕುಂತವ್ರು ಎಷ್ಟು?’

ಅವಳು ಮಾತಾಡಲಿಲ್ಲ. ನಾನೂ ಇಟ್ಟುಬಿಟ್ಟೆ. ಜಾಸ್ತಿ ಅಂದೆನೇನೋ ಅಂತ ದಿನವಿಡೀ ಕಸಿವಿಸಿ. ನಾಲ್ಕು ದಿನ ಬಿಟ್ಟು ಅವಳು ರಾತ್ರಿ ರೈಲು ಹಿಡಿದು ಯಾದಗಿರಿಗೆ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಕಕ್ಕೇರಾಕ್ಕೆ ಬಂದಳು. ನೆಟ್ಟಗೆ ಅತ್ತಿಯ ಹತ್ತಿರ ಹೋಗಿ ಕೂತಳು.

ಅತ್ತಿ ಹೇಳಿದ್ದು ಇಷ್ಟೇ: ‘ನಿನ್ನ ಲಗ್ನ ನೋಡಬೇಕಂತ ಆಸಿ ಅದ. ಆದ್ರ ಬಾಟ್ಲಿ ಮುಂದ ನಾ ಕೂಡಂಗಿಲ್ಲ ಮಗಳ. ನಾವು ಉಂಡು ಎದ್ದು ಹೋಗೋತನಕ ತೆಗಿಯಂಗಿಲ್ಲ ಅಂದ್ರ ಬರ್ತೀನಿ.’

ಎಷ್ಟು ಸುಲಭದ ಕರಾರು ನೋಡಿ! ಕೇಳಿದ್ದರೆ ತಾನೇ ಗೊತ್ತಾಗುವುದು?

ಆ ದಿನ

ಹುಡುಗನ ಕಡೆಯವರೂ ಒಪ್ಪಿದರು. ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ, ಮಧ್ಯಾಹ್ನ ಸಸ್ಯಾಹಾರಿ ಊಟ. ವೈನ್ ಏನಿದ್ದರೂ ಸಂಜೆ, ಅವರ ಗೆಳೆಯರಿಗೆ. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಒಳಗೆ ಕಲ್ಲುಗೋಡೆಯ ಉದ್ದನೆ ಹಾಲ್, ಒಂದು ಪಕ್ಕ ಮರದ ಪೀಪಾಯಿಗಳ ಸಾಲು, ಅವುಗಳ ಮೇಲೆ ಚೆಂಡುಹೂವಿನ ಮಾಲೆ. ನಮ್ಮೂರಿಂದ ಹೋದವರು ಹದಿನಾಲ್ಕು ಜನ. ಎಲ್ಲರೂ ಸೀರೆಯ ಮೇಲೆ ಸ್ವೆಟರ್! ಮೊದಲ ಸಲ ಒಂದು ಲಗ್ನದಲ್ಲಿ ಮಂತ್ರ ಪೂರ್ತಿ ಕೇಳಿಸಿತು ನನಗೆ. ಮೈಕಿಲ್ಲದೆಯೂ ಅವ್ವನ ಸೋಬಾನೆ ಪದ ಹಾಲ್‌ನ ತುದಿಯವರೆಗೆ ಹೋಯಿತು. ಹುಡುಗನ ತಾಯಿ ಎದ್ದು ಬಂದು ಅವ್ವನ ಪಕ್ಕ ಕೂತು ‘ಇನ್ನೊಂದು ಹೇಳಿ’ ಅಂದರು.

ಅರಿಶಿಣದ ಹೊತ್ತಿಗೆ ಹುಡುಗಿ ‘ಮೊದಲು ಅತ್ತಿ ಹಚ್ಚಲಿ’ ಅಂದಳು. ಒಂದು ಗಳಿಗೆ ಎಲ್ಲ ಸುಮ್ಮನಾದೆವು. ನಾನೂ! ಬಿ.ಎ. ಓದಿದ, ಇಷ್ಟೆಲ್ಲ ಬರೆಯುವ ನಾನೂ ಅವ್ವನ ಮುಖ ನೋಡಿದೆ. ಅವ್ವ ಅರಿಶಿಣದ ಬಟ್ಟಲನ್ನು ಅತ್ತಿಯ ಕಡೆ ಸರಿಸಿದಳು. ಅತ್ತಿಯ ಕೈ ನಡುಗಿತು, ಆದರೂ ಹಚ್ಚಿದಳು.

ಎಲ್ಲ ಸಿನಿಮಾದ ಹಾಗೆ ಸುಖಾಂತ್ಯವಾಯಿತು ಅಂದುಕೊಳ್ಳಬೇಡಿ. ಊಟದ ಮೇಲೆ ಎಲ್ಲರನ್ನೂ ನೆಲಮಾಳಿಗೆ ತೋರಿಸಲು ಕರೆದರು. ಅತ್ತಿ ಬರಲಿಲ್ಲ. ಹೊರಗೆ ಬಳ್ಳಿಯ ಸಾಲಿನಲ್ಲಿ ನಿಂತು ಅಲ್ಲಿ ಕೆಲಸ ಮಾಡುವ ಹೆಂಗಸಿನ ಹತ್ತಿರ ‘ಕೂಲಿ ಎಷ್ಟು ಕೊಡ್ತಾರ? ನೀರು ಎಷ್ಟು ದಿನಕ್ಕೊಮ್ಮಿ ಬಿಡ್ತೀರಿ?’ ಅಂತ ವಿಚಾರಿಸುತ್ತಿದ್ದಳು. ಊರಿಗೆ ಬಂದ ಮೇಲೂ ಕರೆಯದ ಬಂಧುಗಳ ಸಿಟ್ಟು ಇಳಿದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಕ್ಕೇರಾದ ಮನೆಯಲ್ಲಿ ಹುಗ್ಗಿ ಊಟ ಹಾಕಿಸಿ, ಹೊಸ ಜೋಡಿಯನ್ನು ಕೂರಿಸಿ ಅಕ್ಕಿಕಾಳು ಹಾಕಿಸಿದೆವು. ಭಾವನ ದಾಯಾದಿಗಳಲ್ಲಿ ಎರಡು ಮನೆಯವರು ಅದಕ್ಕೂ ಬರಲಿಲ್ಲ. ಅವರ ಮನೆಯ ಮದುವೆಯಲ್ಲಿ ನಾವು ಉಂಡಿದ್ದೇವೆ, ಆ ಮುಯ್ಯಿ ಬಾಕಿ ಇದೆ. ಅವರ ಸಿಟ್ಟಿನಲ್ಲಿ ನ್ಯಾಯವೇ ಇಲ್ಲ ಅಂತ ಹೇಳಲಾರೆ.

ನೀವು ಮಾಡುವುದಾದರೆ...

* ಪಟ್ಟಿಯನ್ನು ಮೇಲಿನಿಂದ ಬರೆಯಬೇಡಿ, ಬುಡದಿಂದ ಬರೆಯಿರಿ. ಮಗುವನ್ನು ಎತ್ತಿ ಆಡಿಸಿದವರು, ಉಣಿಸಿದವರು, ಫೀಸು ಕಟ್ಟಿದವರು ಮೊದಲು. ಆಫೀಸು, ಗೆಳೆಯರ ಬಳಗ ಆಮೇಲೆ.

* ‘ಅವರಿಗೆ ಸರಿಹೋಗಲ್ಲ’ ಅಂತ ನೀವೇ ತೀರ್ಮಾನ ಮಾಡಬೇಡಿ. ಎದುರಿಗೆ ಕೂತು ಕೇಳಿ. ಬರುವುದಿಲ್ಲ ಅಂದರೆ ಅದು ಅವರ ತೀರ್ಮಾನವಾಗಲಿ.

* ಜಾಗ ನೋಡುವಾಗ ಹಿರಿಯರ ಕಣ್ಣಲ್ಲೂ ಒಮ್ಮೆ ನೋಡಿ. ಮೆಟ್ಟಿಲು ಎಷ್ಟಿವೆ, ಶೌಚಾಲಯ ಎಷ್ಟು ದೂರ, ಕೂರಲು ಬೆನ್ನಿರುವ ಕುರ್ಚಿ ಇದೆಯೇ? ಚಳಿಗಾಲದಲ್ಲಿ ಬಿಸಿನೀರು, ಹೊದಿಕೆ ಕೇಳಿ ಪಡೆಯಿರಿ.

* ಬಾಡಿಗೆ, ಊಟ, ಅಲಂಕಾರ, ತೆರಿಗೆ ಎಲ್ಲ ಸೇರಿ ಎಷ್ಟು ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವೈನ್ ಕೊಡುವುದಾದರೆ ಅಬಕಾರಿ ಪರವಾನಗಿ ಯಾರ ಜವಾಬ್ದಾರಿ ಅಂತ ಮೊದಲೇ ಕೇಳಿ. ಅದಕ್ಕೆ ಬೇರೆ ಹೊತ್ತು, ಬೇರೆ ಜಾಗ ಇರಲಿ.

* ಜನ ಕಡಿಮೆಯಾದರೂ ಶಾಸ್ತ್ರ ಬಿಡಬೇಡಿ. ವಿಧಿ ನಡೆಯದೆ ಬರೀ ಸರ್ಟಿಫಿಕೇಟಿನಿಂದ ಹಿಂದೂ ವಿವಾಹ ಆಗುವುದಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆ ಎಂದರೆ ಹಾಡು ಕುಣಿತದ, ಕುಡಿತ ತಿನಿಸಿನ ಸಮಾರಂಭ ಅಲ್ಲ, ವರದಕ್ಷಿಣೆ ಕೊಟ್ಟು ತೆಗೆದುಕೊಳ್ಳುವ ಸಂದರ್ಭವೂ ಅಲ್ಲ ಎಂದು ಆ ತೀರ್ಪಿನಲ್ಲಿ ತಿಳಿಹೇಳಿದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ.

* ನೋಂದಣಿ ಮರೆಯಬೇಡಿ. ಹಿಂದೂ ವಿವಾಹಕ್ಕೆ 2024ರಿಂದ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಚಿಕ್ಕ ಮದುವೆಗೆ ಸಾಕ್ಷಿಗಳೂ ಕಡಿಮೆ, ಅದಕ್ಕೇ ಈ ಕಾಗದ ಮುಖ್ಯ.

* ಊರಲ್ಲಿ ಒಂದು ಹೊತ್ತಿನ ಊಟ ಹಾಕಿಸಿ. ಹುಗ್ಗಿ ಸಾಕು, ಆರ್ಕೆಸ್ಟ್ರಾ ಬೇಡ.

ಮಕ್ಕಳು ಚಿಕ್ಕ ಮದುವೆ ಕೇಳಿದರೆ ಖುಷಿಯಿಂದ ಹೂಂ ಅನ್ನಿ. ವೈನರಿಯಾದರೂ ಸರಿ, ಮನೆಯ ಪಡಸಾಲೆಯಾದರೂ ಸರಿ. ಜಾಗದ ಬಗ್ಗೆ ಜಗಳ ಬೇಡ. ಆದರೆ ಪಟ್ಟಿ ಬರೆಯುವ ದಿನ ಅವರ ಪಕ್ಕ ಕೂತುಕೊಳ್ಳಿ. ಯಾರ ಹೆಸರು ಬಿಟ್ಟುಹೋಗಿದೆ ಅಂತ ಹೇಳಬೇಕಾದವರು ನೀವೇ, ಯಾಕೆಂದರೆ ಆ ಹೆಸರಿನ ಹಿಂದಿನ ಕಥೆ ಗೊತ್ತಿರೋದು ನಿಮಗೊಬ್ಬರಿಗೇ.

ಅತ್ತಿಗೆ ಹುಡುಗಿ ಒಂದೇ ಒಂದು ಫೋಟೋ ಕಟ್ಟು ಹಾಕಿಸಿ ಕಳಿಸಿದ್ದಾಳೆ. ಅದರಲ್ಲಿ ಹಿಂದುಗಡೆ ಪೀಪಾಯಿಗಳೂ ಕಾಣುತ್ತವೆ. ಮೊನ್ನೆ ಹೋದಾಗ ನೋಡಿದೆ, ಗೋಡೆಗೆ ಹಾಕಿದ್ದಾಳೆ. ಪೀಪಾಯಿ ಇರುವ ಕಡೆಗೆ ಮಾತ್ರ ಒಂದು ಹೂವಿನ ಹಾರ ಇಳಿಬಿಟ್ಟಿದ್ದಾಳೆ!